ಸುರುಳಿ ಓದದೆ ಬಿಟ್ಟ ಗೆರೆ

ಕಾಡಿನ ನಟ್ಟನಡುವೆ ತೊಟ್ಟಿಲಕೆರೆ ಅಂತ ಒಂದು ಕೆರೆ ಇತ್ತು, ಮಕ್ಕಳೇ. ಎಷ್ಟು ದೊಡ್ಡದು ಅಂತೀರಿ? ಈ ದಡದಿಂದ ಹಾರಿದ ಕಾಗೆ ಆ ದಡ ಮುಟ್ಟುವಷ್ಟರಲ್ಲಿ ಮುದಿಯಾಗಿ, ಅದರ ಮೊಮ್ಮಗ ಬಂದು ರೆಕ್ಕೆ ಹಿಡಿದು ಇಳಿಸಿಕೊಳ್ಳಬೇಕಿತ್ತು. ಸುಳ್ಳು ಅನ್ನುವವರು ಹೋಗಿ ಅಳೆದುಕೊಂಡು ಬರಲಿ.

ಆ ಕೆರೆಯ ದಡದಲ್ಲಿ ಬೆಣ್ಣೆಯಂಥ ಕೆಸರಿನ ಪಟ್ಟಿಯೊಂದಿತ್ತು. ಇರುವೆ ನಡೆದರೂ ಅದರ ಆರು ಕಾಲಿನ ಗುರುತು ಬೇರೆ ಬೇರೆಯಾಗಿ ಮೂಡುತ್ತಿತ್ತು. ಅದೇ ಆ ಕಾಡಿನ ಮರಿಗಳ ಪುಸ್ತಕ. ಕೆರೆಯ ಜೊಂಡಿನಲ್ಲಿ ಬಾಳುವ ಹಕ್ಕಿ, ಹುಂಡುಕೋಳಿ ಚೌಡಕ್ಕ ಅದನ್ನು ಓದಿಸುವವಳು. ದಿನಾ ಹೊತ್ತು ಮುಳುಗುವ ಮುಂಚೆ ಅವಳು ರೆಕ್ಕೆಯಿಂದ ಕೆಸರನ್ನು ಸವರಿ ಸವರಿ ನುಣುಪು ಮಾಡುವಳು. ಆಮೇಲೆ ನೀರಿಗೆ ಬಂದವರ ಹೆಜ್ಜೆಯೆಲ್ಲ ಅದರ ಮೇಲೆ ಬೀಳುವುದು. ಬೆಳಗ್ಗೆ ಮರಿಗಳು ಸಾಲಾಗಿ ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಯಾರು ಬಂದರು, ಎತ್ತ ಹೋದರು, ಮಿತ್ರರೋ ವೈರಿಗಳೋ, ಎಲ್ಲ ಹೇಳಬೇಕು. ಓದು ಮುಗಿಯುವ ತನಕ ಆನೆಯೇ ಬಂದರೂ ನೀರು ಮುಟ್ಟುವ ಹಾಗಿಲ್ಲ.

ಮರಿಗಳು ಓದುವಾಗ ಚೌಡಕ್ಕ ಕೆಸರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. "ನಾನು ನೋಡಿದರೆ ಇವು ಕೆಸರು ಓದಲ್ಲ, ನನ್ನ ಮುಖ ಓದುತ್ತವೆ" ಅನ್ನುವಳು. ಓದು ಮುಗಿದ ಮೇಲೆ ಎಲ್ಲರಿಗಿಂತ ಮೊದಲು ನೀರಿಗೆ ಇಳಿಯುವವಳೂ ಅವಳೇ. ತಾನು ಕಲಿಸಿದ ಓದನ್ನು ತಾನೇ ನಂಬದಿದ್ದರೆ ಇನ್ಯಾರು ನಂಬುತ್ತಾರೆ? ಇದು ಅವಳ ಅಜ್ಜಿಯ ಕಾಲದಿಂದ ಬಂದ ಕಟ್ಟಳೆ.

ಆ ಸಾಲಿನಲ್ಲಿ ಸುರುಳಿ ಅನ್ನುವ ಚಿಪ್ಪುಹಂದಿ ಮರಿಯೂ ಇತ್ತು. ಮೂತಿಯಿಂದ ಬಾಲದ ತುದಿಯವರೆಗೆ ಚಿಪ್ಪು. ಹೆದರಿದರೂ ನಾಚಿದರೂ ಉಂಡೆಯಾಗಿ ಸುತ್ತಿಕೊಂಡುಬಿಡುವಳು. ಅದಕ್ಕೇ ಅವಳಿಗೆ ಆ ಹೆಸರು.

ಓದಲು ಬಂದ ಮೊದಲನೇ ದಿನ ಸುರುಳಿ ಕೆಸರಿನತ್ತ ಬಗ್ಗಿದಳು. ಉದ್ದಕ್ಕೆ ಎಳೆದ ಒಂದು ಅಗಲ ಗೆರೆ, ಅದರ ಅಕ್ಕಪಕ್ಕ ಕಾಲಿನ ಗುರುತು. ಅವಳು ಕೂಗಿಯೇಬಿಟ್ಟಳು.

"ಮೊಸಳೆ! ಮೊಸಳೆ ಬಂದಿದೆ!"

ಅಯ್ಯಯ್ಯೋ, ಆಮೇಲೆ ನೋಡಬೇಕಿತ್ತು ಆ ಗಲಾಟೆಯನ್ನು! ಕರಡಿ ಮರ ಹತ್ತಿದ್ದು ಮೂರು ದಿನ ಇಳಿಯಲಿಲ್ಲ. ಆನೆಯೊಂದು ಮರ ಹತ್ತಲು ಹೋಗಿ, ಕೊನೆಗೆ ಮರವೇ ಆನೆಯ ಮೇಲೆ ಹತ್ತಿ ಕೂತಿತು. ನೀರಲ್ಲಿದ್ದ ಮೀನುಗಳೂ ದಡಕ್ಕೆ ಹಾರಿ, ದಡ ನೋಡಿ ಮತ್ತೆ ನೀರಿಗೆ ಹಾರಿದವು.

ನರಿಮರಿ ಕೆಂಚ ಬಂದು ಗೆರೆ ನೋಡಿ ಬಿದ್ದು ಬಿದ್ದು ನಕ್ಕ. "ಎಲೆ ಹುಚ್ಚಿ, ಇದು ನಿಮ್ಮವ್ವನ ಬಾಲ ಕಣೇ! ರಾತ್ರಿ ನೀರು ಕುಡಿಯೋಕೆ ಬಂದಿದ್ದಾಳೆ. ಹೆತ್ತವ್ವನ ಬಾಲವೇ ಗೊತ್ತಾಗಲಿಲ್ಲವಾ ನಿನಗೆ?"

ಕಾಡಿಗೆ ಕಾಡೇ ನಕ್ಕಿತು. ಸುರುಳಿ ಚೌಡಕ್ಕನ ಕಡೆ ನೋಡಿದಳು. ಚೌಡಕ್ಕ ಬೆನ್ನು ಹಾಕಿಯೇ ನಿಂತಿದ್ದಳು. ಆದರೆ ಅವಳ ರೆಕ್ಕೆಗಳು ನಗುವಿಗೆ ಕುಲುಕುತ್ತಿದ್ದವು. ಅದನ್ನು ಕಂಡದ್ದೇ ಸುರುಳಿ ಉಂಡೆಯಾದಳು. ಮಧ್ಯಾಹ್ನದವರೆಗೂ ಬಿಚ್ಚಿಕೊಳ್ಳಲಿಲ್ಲ.

ಅವತ್ತಿನಿಂದ ಅವಳಿಗೆ ಮೊಸಳೆಯಮ್ಮ ಅಂತಲೇ ಹೆಸರು ಬಿತ್ತು.

"ಓದು ನನ್ನ ತಲೆಗೆ ಹತ್ತಲ್ಲ" ಅಂತ ಸುರುಳಿ ತೀರ್ಮಾನ ಮಾಡಿಬಿಟ್ಟಳು. ಹತ್ತದ ಮೇಲೆ ಕೆಸರು ನೋಡಿ ಪ್ರಯೋಜನವೇನು? ಸಾಲಿನ ಕೊನೆಗೆ ಹೋಗಿ ನಿಲ್ಲತೊಡಗಿದಳು. ಅವಳ ಮುಂದೆ ಮೊಲದ ಮರಿ ತಿಪ್ಪಿ. ತಿಪ್ಪಿ ಓದಿದ್ದನ್ನು ಕಿವಿಗೊಟ್ಟು ಕೇಳುವುದು, ತನ್ನ ಸರದಿ ಬಂದಾಗ ಅದನ್ನೇ ಒಪ್ಪಿಸುವುದು. ತಿಪ್ಪಿ "ಎರಡು ಜಿಂಕೆ, ಒಂದು ಮುಂಗುಸಿ" ಅಂದರೆ ಸುರುಳಿಯೂ "ಎರಡು ಜಿಂಕೆ, ಒಂದು ಮುಂಗುಸಿ."

ಒಂದು ಬೆಳಗ್ಗೆ ತಿಪ್ಪಿ ಓದುತ್ತಾ ಓದುತ್ತಾ ಕಾಲಿಗೆ ಏನೋ ಚುಚ್ಚಿಸಿಕೊಂಡಳು. "ಮೂರು ಕಾಡುಕೋಳಿ, ಒಂದು ಕಡವೆ, ಅಯ್ಯೋ ಮುಳ್ಳು!"

ಸುರುಳಿ ಕಣ್ಣು ಮುಚ್ಚಿಕೊಂಡು ಒಪ್ಪಿಸಿದಳು. "ಮೂರು ಕಾಡುಕೋಳಿ, ಒಂದು ಕಡವೆ, ಅಯ್ಯೋ ಮುಳ್ಳು."

ಆ ನಗು ಕೆರೆಯ ಆಚೆ ದಡಕ್ಕೆ ಮುಟ್ಟಿ ವಾಪಸು ಬಂದಿತು. ಸುರುಳಿ ಮತ್ತೆ ಉಂಡೆ.

ಕೆಂಚನದು ಇನ್ನೊಂದು ತರಹ. ಅವನು ಕೆಸರಿಗೆ ಬಗ್ಗುತ್ತಲೇ ಇರಲಿಲ್ಲ. ಕತ್ತೆತ್ತಿ ನಿಂತು ಒಂದು ಸಲ ಕಣ್ಣು ಹಾಯಿಸಿ ಪಟಪಟ ಅಂತ ಓದಿಬಿಡುವನು. "ನನಗೆ ಬಗ್ಗುವ ಅಗತ್ಯ ಇಲ್ಲ. ನಮ್ಮಪ್ಪ ಹುಟ್ಟುವ ಮೊದಲು ನಡೆದುಹೋದವರ ಹೆಜ್ಜೆಯನ್ನೂ ನಾನು ಓದಬಲ್ಲೆ!" ಹತ್ತರಲ್ಲಿ ಆರು ಸಲ ತಪ್ಪು ಓದುತ್ತಿದ್ದ. ಆದರೆ ಎಷ್ಟು ಜೋರಾಗಿ ಓದುತ್ತಿದ್ದ ಅಂದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಒಂದು ದಿನ ಓದು ಮುಗಿದ ಮೇಲೆ ಚೌಡಕ್ಕ ಸುರುಳಿಯ ಜೊತೆ ಹುತ್ತದ ತನಕ ನಡೆದುಕೊಂಡು ಹೋದಳು. ದಾರಿಯಲ್ಲಿ ಸುರುಳಿ ಧೂಳಿಗೆ ಮೂತಿ ತಾಗಿಸಿ ನಿಂತಳು.

"ಇಲ್ಲಿ ಗೆದ್ದಲು ಹೋಗಿವೆ ಅಕ್ಕ. ಹೋಗುವಾಗ ಬರಿಗೈ, ಬರುವಾಗ ಹೊರೆ ಇದೆ, ಕಾಲು ಆಳಕ್ಕೆ ಇಳಿದಿದೆ. ಅಂದರೆ ಹುತ್ತ ಬಲಗಡೆ. ಇನ್ನು ಹದಿನೈದು ಹೆಜ್ಜೆ."

ಚೌಡಕ್ಕ ಎಣಿಸಿದಳು. ಹದಿನೈದನೇ ಹೆಜ್ಜೆಗೆ ಹುತ್ತ!

"ಮಗಾ, ಇದು ಓದಲ್ಲವೇನೇ?"

"ಇದು ಊಟ ಅಕ್ಕ. ಓದು ಬೇರೆ. ಅದು ನನಗೆ ಬರಲ್ಲ" ಅಂದಳು ಸುರುಳಿ. ಚೌಡಕ್ಕ ಏನೋ ಹೇಳಲು ಕೊಕ್ಕು ತೆರೆದಳು. ಆದರೆ ಸುರುಳಿ ಆಗಲೇ ಹುತ್ತಕ್ಕೆ ತಲೆ ತೂರಿಸಿದ್ದಳು.

ಯಾರಿಗೂ ಗೊತ್ತಿಲ್ಲದ ಇನ್ನೊಂದು ವಿಷಯವಿತ್ತು. ಅವ್ವ ರಾತ್ರಿ ನೀರಿಗೆ ಬಂದುಹೋದ ದಿನ, ಎಲ್ಲರೂ ಹೋದ ಮೇಲೆ ಸುರುಳಿ ಒಬ್ಬಳೇ ಕೆಸರಿನ ಬಳಿ ಬಂದು ಅವ್ವನ ಬಾಲದ ಗೆರೆಯನ್ನು ನೋಡುತ್ತಾ ನಿಲ್ಲುತ್ತಿದ್ದಳು. ತನ್ನ ಮಾನ ಕಳೆದ ಗೆರೆ ಅದು. ನೋಡಿ ನೋಡಿ ಅದರ ಒಂದೊಂದು ಸುಕ್ಕೂ ಬಾಯಿಪಾಠವಾಗಿಹೋಗಿತ್ತು. ಅವ್ವ ಮುಂಗಾಲಿನ ಉಗುರು ಮಡಚಿಕೊಂಡು ನಡೆಯುತ್ತಾಳೆ, ಆದ್ದರಿಂದ ಬೆರಳು ಮೂಡುವುದಿಲ್ಲ. ಚಿಪ್ಪಿನ ಅಂಚು ತಾಗಿ ಗೆರೆಯ ಇಕ್ಕೆಲದಲ್ಲೂ ಗರಗಸದ ಹಲ್ಲಿನಂತೆ ಬೀಳುತ್ತದೆ. ಇಷ್ಟು ಗೊತ್ತಿದ್ದೂ ಅದನ್ನು ಓದು ಅಂತ ಅವಳು ಎಣಿಸಲೇ ಇಲ್ಲ. ಅದು ಅವಳ ನಾಚಿಕೆ, ಅಷ್ಟೇ.

ಬೇಸಿಗೆ ಬಂತು. ಆ ವರ್ಷ ಎಂಥ ಬಿಸಿಲು ಅಂದರೆ, ಹಕ್ಕಿಗಳು ಇಟ್ಟ ಮೊಟ್ಟೆ ಗೂಡಿನಲ್ಲೇ ಬೆಂದು ಹೋಗುತ್ತಿತ್ತು. ಪಕ್ಕದ ಕಾಡಿನ ಮಡುಗಳೆಲ್ಲ ಬತ್ತಿದವು. ಅದೇ ಸಮಯಕ್ಕೆ ಸುರುಳಿಯ ಅವ್ವನ ಹಿಂಗಾಲಿಗೆ ಮುಳ್ಳು ಮುರಿದು ಬಾವು ಬಂದಿತು. ಮೂರು ದಿನದಿಂದ ಬಿಲ ಬಿಟ್ಟು ಹೊರಗೆ ಬಂದಿರಲಿಲ್ಲ. ಸುರುಳಿಯೇ ನಾಲಿಗೆಯ ಮೇಲೆ ಗೆದ್ದಲು ತಂದು ತಿನ್ನಿಸುತ್ತಿದ್ದಳು.

ನಾಲ್ಕನೇ ದಿನ ಬೆಳಗ್ಗೆ ಮರಿಗಳು ಸಾಲಾಗಿ ನಿಂತವು. ಚೌಡಕ್ಕ ಬೆನ್ನು ಹಾಕಿದಳು. ಕೆಸರಿನ ಮೇಲೆ ಉದ್ದಕ್ಕೆ ಒಂದು ಅಗಲ ಗೆರೆ, ಅಕ್ಕಪಕ್ಕ ಕಾಲಿನ ಗುರುತು.

ಕೆಂಚ ದೂರದಿಂದಲೇ ನೋಡಿ ಆಕಳಿಸಿದ. "ಇದರಲ್ಲಿ ಓದೋದೇನಿದೆ? ಮೊಸಳೆಯಮ್ಮನ ಅವ್ವ ಬಂದಿದ್ದಾಳೆ. ಮುಗೀತು. ಬನ್ನಿ, ಬಾಯಾರಿಕೆ!"

ತಿಪ್ಪಿ ಬಗ್ಗಿದಳು. "ಕೆಂಚಣ್ಣಾ, ಗೆರೆ ಸ್ವಲ್ಪ ಅಗಲ ಅನಿಸಲ್ವಾ?"

"ಅವಳು ದಪ್ಪ ಆಗಿದ್ದಾಳೆ ಬಿಡೇ! ಕಾಡಿನ ಗೆದ್ದಲೆಲ್ಲ ಅವಳ ಹೊಟ್ಟೆಯಲ್ಲೇ ಇದೆ."

ಎಲ್ಲರೂ ಕಿಸಕ್ಕೆಂದರು. ತಿಪ್ಪಿಯೂ ನಕ್ಕು, "ಹಾಗಾದರೆ ಚಿಪ್ಪುಹಂದಿಯೇ" ಅಂದಳು.

ಸುರುಳಿಯ ಸರದಿ ಬಂತು. ಅವಳು ಅಭ್ಯಾಸದಂತೆ ಕಣ್ಣು ಮುಚ್ಚಿಕೊಳ್ಳುವವಳಿದ್ದಳು. ಆದರೆ ಆ ಗೆರೆಯನ್ನು ನೋಡದೇ ಇರುವುದು ಅವಳಿಂದ ಆಗಲಿಲ್ಲ.

ಅವ್ವ ಮೂರು ದಿನದಿಂದ ಬಿಲದಲ್ಲೇ ಇದ್ದಾಳೆ. ಈ ಗೆರೆಗೆ ಗರಗಸದ ಹಲ್ಲಿಲ್ಲ. ಮುಂಗಾಲಿನ ಐದು ಬೆರಳೂ ಅಗಲಕ್ಕೆ ಚಾಚಿವೆ. ಗೆರೆ ನೀರಿನತ್ತ ಹೋಗಿದೆ. ನೀರಿನಿಂದ ವಾಪಸು ಬಂದೇ ಇಲ್ಲ.

ಒಳಗೆ ಹೋದದ್ದು ಒಳಗೇ ಇದೆ.

ಸುರುಳಿಯ ಗಂಟಲಿನ ತನಕ ಆ ಮಾತು ಬಂತು. ಬಾಯಿ ತೆರೆದಳು.

"ಏನಮ್ಮಾ ಮೊಸಳೆಯಮ್ಮ, ಇವತ್ತೂ ಮೊಸಳೆಯೇನೇ?" ಅಂದ ಕೆಂಚ. "ಹೇಳಿಬಿಡು, ನಾನು ಈಗಲೇ ಆನೆಯ ಹೆಗಲ ಮೇಲೆ ಹತ್ತಿಕೊಳ್ತೀನಿ!"

ಮತ್ತೆ ನಗು. ಸುರುಳಿ ಒಳಗೊಳಗೇ ಲೆಕ್ಕ ಹಾಕಿದಳು. ನಾನೇ ಓದಿದ್ದು ಒಂದೇ ಸಲ, ಆಗಲೇ ನಗೆಪಾಟಲಾದೆ. ಓದು ಬರುವ ತಿಪ್ಪಿಯೇ ಚಿಪ್ಪುಹಂದಿ ಅಂದಮೇಲೆ ನನ್ನದು ಯಾವ ಮಹಾ ಓದು? ಮತ್ತೆ ತಪ್ಪಾಗಿದ್ದರೆ?

"ಹೌದು" ಅಂದಳು ಸುರುಳಿ ನೆಲ ನೋಡುತ್ತಾ. "ನಮ್ಮವ್ವನ ಬಾಲ."

"ಎಲ್ಲರೂ ಒಪ್ಪಿದಿರಾ? ಸರಿ" ಅಂದಳು ಚೌಡಕ್ಕ. ತಿರುಗಿ ನೋಡದೆ ನೀರಿಗೆ ಇಳಿದಳು.

ಒಂದು ಹೆಜ್ಜೆ. ಎರಡು ಹೆಜ್ಜೆ. ಸುರುಳಿ "ಅಕ್ಕಾ!" ಅಂತ ಕೂಗಿದ್ದೂ ನೀರು ಸಿಡಿದದ್ದೂ ಒಂದೇ ಗಳಿಗೆಯಲ್ಲಿ. ಹೆಬ್ಬಂಡೆಯಂಥ ದವಡೆಯೊಂದು ಮೇಲೆದ್ದು ಟಪ್ಪನೆ ಮುಚ್ಚಿತು. ಚೌಡಕ್ಕ ಬಡಬಡ ರೆಕ್ಕೆ ಬಡಿದು ಮೇಲಕ್ಕೆ ಹಾರಿದಳು. ಎಡಗಾಲಿನ ಪಾದ ಮಾತ್ರ ಅವಳ ಜೊತೆ ಬರಲಿಲ್ಲ.

ಆ ಮೊಸಳೆಯ ಗತಿ ಹೇಳಿಬಿಡುತ್ತೇನೆ. ಅದೇ ಮಧ್ಯಾಹ್ನ ಏಳು ಆನೆಗಳು ಅದರ ಬಾಲ ಹಿಡಿದು ಗಿರಗಿರನೆ ತಿರುಗಿಸಿ ಒಗೆದವು. ಅದು ಮೂರು ಬೆಟ್ಟ ದಾಟಿ ಬಿತ್ತಂತೆ. ಬಿದ್ದ ಜಾಗದಲ್ಲಿ ಹೊಸದೊಂದು ಕೆರೆಯೇ ಆಯಿತಂತೆ. ಆದರೆ ಏಳಲ್ಲ, ಎಪ್ಪತ್ತು ಆನೆ ಬಂದರೂ ಹೋದ ಪಾದವನ್ನು ಮತ್ತೆ ಹಚ್ಚುವುದಕ್ಕೆ ಆಗುತ್ತದೆಯೇ?

ಸಂಜೆ ಚೌಡಕ್ಕ ಜೊಂಡಿನ ಮೇಲೆ ಕೂತಿದ್ದಳು. ಗಾಯಕ್ಕೆ ಎಲೆ ಸುತ್ತಿತ್ತು. ಕೆಂಚ ಬಾಲ ಮುದುರಿಕೊಂಡು ಬಂದು, "ನಾನು ಬಗ್ಗಿ ನೋಡಲಿಲ್ಲ ಅಕ್ಕ" ಅಂತ ಹೇಳಿ ಓಡಿಹೋಗಿದ್ದ. ಸುರುಳಿ ದಡದಲ್ಲಿ ಉಂಡೆಯಾಗಿ ಬೆಳಗಿನಿಂದ ಬಿದ್ದಲ್ಲೇ ಬಿದ್ದಿದ್ದಳು.

"ಬಿಚ್ಚಿಕೋ ಮಗಾ" ಅಂದಳು ಚೌಡಕ್ಕ. "ನಿನ್ನ ತಪ್ಪೇನಿದೆ? ನಿನಗೆ ಓದೋಕೆ ಬರಲ್ಲ ಅಂತ ನೀನೇ ಹೇಳ್ತೀಯಲ್ಲ. ಕಂಡಿರಲಿಕ್ಕಿಲ್ಲ."

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ಹೂಂ ಅಂದಿದ್ದರೆ ಸಾಕಿತ್ತು. ದಿನಾ ಅವಳು ಅಡಗಿಕೊಳ್ಳುತ್ತಿದ್ದ ಮಾತೇ ಅದು. ಸುರುಳಿ ಮೆಲ್ಲಗೆ ಬಿಚ್ಚಿಕೊಂಡು ಮೂತಿ ಹೊರಗೆ ಹಾಕಿದಳು.

"ಕಂಡಿತು ಅಕ್ಕ. ಐದು ಬೆರಳು ಕಂಡಿತು. ಗೆರೆ ವಾಪಸು ಬಂದಿಲ್ಲ ಅನ್ನೋದೂ ಕಂಡಿತು. ನಮ್ಮವ್ವ ಬಿಲದಲ್ಲಿದ್ದಾಳೆ ಅಂತ ಗೊತ್ತಿದ್ದೂ ಅವಳ ಬಾಲ ಅಂದೆ. ನಾನು ಓದಿದ್ದು ಅಂದಮೇಲೆ ತಪ್ಪೇ ಇರುತ್ತೆ ಅಂದುಕೊಂಡೆ. ನಗುತ್ತಾರೆ ಅಂತ ಸುಳ್ಳು ಹೇಳಿದೆ."

ಚೌಡಕ್ಕ ಬೈಯುತ್ತಾಳೆ ಅಂತ ಸುರುಳಿ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಮೊದಲನೇ ದಿನ ನಾನೂ ನಕ್ಕೆ ಅಲ್ವಾ?" ಅಂದಳು ಚೌಡಕ್ಕ, ಕೊಕ್ಕು ಎದೆಗೆ ಆನಿಸಿಕೊಂಡು. "ನೀನು ನೋಡಿದೆಯಾ?"

"ನೋಡಿದೆ. ರೆಕ್ಕೆ ಕುಲುಕಿತು."

"ಬೆನ್ನು ಹಾಕಿದ್ದರೆ ಯಾರಿಗೂ ಕಾಣಲ್ಲ ಅಂದುಕೊಂಡಿದ್ದೆ ಮಗಾ." ಅವಳು ಎಲೆ ಸುತ್ತಿದ ಕಾಲನ್ನು ನೋಡಿಕೊಂಡಳು. "ಮೊದಲನೇ ದಿನವೇ ಗೆರೆ, ಕಾಲು ಎರಡನ್ನೂ ಗುರುತಿಸಿದ್ದೆ ನೀನು. ಹೆಸರೊಂದು ತಪ್ಪಿತ್ತು. ಅರ್ಧಕ್ಕಿಂತ ಹೆಚ್ಚು ಸರಿ ಇತ್ತು. ಅದನ್ನು ಆವತ್ತೇ ಹೇಳಬೇಕಿತ್ತು ನಾನು. ನಗುತ್ತಾ ನಿಂತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ನೀರು ನೋಡುತ್ತಾ ಕೂತರು. ಆಮೇಲೆ ಚೌಡಕ್ಕ ಕುಂಟುತ್ತಾ ಇಳಿದು, ದಿನದ ಹಾಗೇ ರೆಕ್ಕೆಯಿಂದ ಕೆಸರು ಸವರಿದಳು. ನಾಲ್ಕು ಸಲ ಬಿದ್ದಳು. ಆದರೂ ಸವರಿದಳು.

ಮರುದಿನ ಬೆಳಗ್ಗೆ ಸುರುಳಿ ಸಾಲಿನ ಮೊದಲಿಗೆ ಬಂದು ನಿಂತಳು. ಚೌಡಕ್ಕ ಬೆನ್ನು ಹಾಕಿದಳು. ಸುರುಳಿಯ ಕಣ್ಣು ಕೆಸರಿನ ಮೇಲೇ ಇತ್ತು.

"ಎರಡು ಜಿಂಕೆ. ದೊಡ್ಡದು ಮುಂದೆ, ಮರಿ ಹಿಂದೆ. ಬಂದು ಹೋಗಿವೆ. ಒಂದು ಮುಳ್ಳುಹಂದಿ. ಬಂದು ಹೋಗಿದೆ." ಅವಳು ಇನ್ನೂ ಬಗ್ಗಿದಳು. "ಒಂದು ಹಕ್ಕಿ. ಬಲಗಾಲಿಗೆ ಮುಂದೆ ಮೂರು ಬೆರಳು, ಹಿಂದೆ ಒಂದು. ಎಡಗಾಲು ಇರಬೇಕಾದ ಕಡೆ ಒಂದು ಚುಕ್ಕೆ."

ಕೆಂಚ ಮೂತಿಯನ್ನು ಕೆಸರಿಗೆ ತಾಗುವಷ್ಟು ಬಗ್ಗಿಸಿದ್ದ.

"ಯಾರು ಅದು?" ಅಂತ ಕೇಳಿದಳು ಚೌಡಕ್ಕ, ತಿರುಗದೆ.

"ನೀವು ಅಕ್ಕ. ಆ ಪಾದ ಎಲ್ಲಿ ಹೋಯಿತು ಅಂತ ಕೆಸರಿನಲ್ಲಿ ಬರೆದಿಲ್ಲ. ಅದು ನನಗೆ ಗೊತ್ತು."

ಚೌಡಕ್ಕ ಹಿಂದೆ ತಿರುಗಿ ನೋಡದೆ, ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತಾ, ಎಲ್ಲರಿಗಿಂತ ಮೊದಲು ನೀರಿಗೆ ಇಳಿದಳು.

ನೀತಿ: ತನಗೆ ಓದು ಬರುವುದಿಲ್ಲವೆಂದು ನಂಬಿದ ಮರಿ ಕಣ್ಣಿಗೆ ಕಂಡದ್ದನ್ನೂ ಓದಿ ಹೇಳುವುದಿಲ್ಲ, ಆದ್ದರಿಂದ ತಪ್ಪು ಓದಿದವರನ್ನು ತಿದ್ದಿರಿ, ನಗಬೇಡಿ.