ಪಕ್ಕದ ಸೀಟು

ಹೊಳೆ ಬಾಗುವ ಕಡೆ ಒಂದು ಸಣ್ಣ ಮಠ. ಆನೆಯಿಲ್ಲ, ಅಂಬಾರಿಯಿಲ್ಲ, ಹೇಳಿಕೊಳ್ಳುವಂಥ ಜಮೀನೂ ಇಲ್ಲ. ಇದ್ದದ್ದು ಒಂದು ಗದ್ದುಗೆ, ಒಬ್ಬರು ಸ್ವಾಮಿಗಳು, ಪಕ್ಕಕ್ಕೆ ಒಂಟಿಚಕ್ರದ ಸೈಡ್‌ಕಾರ್ ಕಟ್ಟಿದ ಒಂದು ಹಳೇ ಮೋಟಾರ್ ಸೈಕಲ್ಲು.

ಆ ಸೀಮೆಯಲ್ಲಿ ಸ್ವಾಮಿಗಳನ್ನು ಬುದ್ಧಿ ಅಂತ ಕರೆಯುವುದು ರೂಢಿ. ಇವರು ಸಿದ್ದವೀರಯ್ಯ ಬುದ್ಧಿ. ಕಾವಿ ಪಂಚೆಯನ್ನು ಮೇಲೆತ್ತಿ ಕಟ್ಟಿ, ಧೂಳಿಗೆ ಅಡ್ಡವಾಗಿ ದೊಡ್ಡ ಕನ್ನಡಕ ಏರಿಸಿ ಗಾಡಿ ಹತ್ತಿದರೆಂದರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಪಕ್ಕದ ಸೀಟಿನಲ್ಲಿ ಕೂರದವರೇ ಇಲ್ಲ. ಜ್ವರ ಬಂದವರು, ಬಾಣಂತಿಯರು, ಮುಹೂರ್ತಕ್ಕೆ ತಡವಾದ ಮದುಮಗ, ಒಮ್ಮೆ ಕಾಲು ಉಳುಕಿದ ಕರು.

ಶಂಭುಲಿಂಗ ಆ ಮಠಕ್ಕೆ ಬಂದದ್ದು ಕಾವಿ ಬೇಡಿಕೊಂಡು.

ಪೇಟೆಯವನು, ಮದುವೆಯಾದವನು. ಬೈಕಿನ ಹುಚ್ಚು ಹತ್ತಿದವನು. ಒಂದು ಸಲ ಹೆಂಡತಿ ದಾಕ್ಷಾಯಿಣಿಯನ್ನು ಹಿಂದೆ ಕೂರಿಸಿಕೊಂಡು, ತಿರುವಿನಲ್ಲಿ ಬೈಕನ್ನು ವಾಲಿಸಿ ಶೋಕಿ ಮಾಡಲು ಹೋಗಿ ಜಾರಿದ. ಇವನ ಮೊಣಕೈ ತರಚಿತು. ಅವಳ ಕಾಲು ಮುರಿಯಿತು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು.

ಆಸ್ಪತ್ರೆಯಲ್ಲಿ ಅವಳನ್ನು ಚೆನ್ನಾಗಿಯೇ ನೋಡಿಕೊಂಡ, ಅದರಲ್ಲಿ ಎರಡು ಮಾತಿಲ್ಲ. ಮನೆಗೆ ಬಂದ ಮೇಲೆ ಅಡುಗೆಮನೆಯಿಂದ ನಡುಮನೆಗೆ ಅವಳ ಕೋಲಿನ ಸದ್ದು ಬಂದಾಗಲೆಲ್ಲ ಇವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ತಡೆಯಲಾರದೆ ಒಂದು ಬೆಳಗ್ಗೆ ಹೇಳದೆ ಕೇಳದೆ ಎದ್ದು ಬಂದುಬಿಟ್ಟ.

"ನನ್ನಿಂದ ಇನ್ನು ಯಾರಿಗೂ ನೋವಾಗಬಾರದು ಬುದ್ಧಿ. ಯಾರೂ ನನ್ನ ಜೊತೆಗೆ ಇರೋದು ಬೇಡ. ಕಾವಿ ಕೊಡಿ."

ಬುದ್ಧಿಯವರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ಹೋಗಿ ಬಂದು ಅವನ ಕೈಗೆ ಒಂದು ಹಳೇ ಬಟ್ಟೆ, ಒಂದು ಸ್ಪ್ಯಾನರ್ ಇಟ್ಟರು.

"ಗಾಡಿ ನೋಡ್ಕೊ."

ಕಾವಿ ಕೇಳಿದರೆ ಸ್ಪ್ಯಾನರ್ ಕೊಡುತ್ತಾರಲ್ಲ, ಇದೆಂಥ ಸ್ವಾಮಿ ಅಂತ ಶಂಭುಲಿಂಗನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಗಾಡಿಯ ಕೆಲಸ ಅಂದರೆ ಅವನ ಕೈ ಸುಮ್ಮನಿರುವ ಕೈಯಲ್ಲ. ಪ್ಲಗ್ಗು ಬಿಚ್ಚಿ ಮಸಿ ಉಜ್ಜಿದ. ಎಣ್ಣೆ ಬದಲಾಯಿಸಿದ. ಚೈನು ತೊಳೆದ, ಚಕ್ರದ ಸಡಿಲವಾದ ಕಡ್ಡಿಗಳನ್ನು ಬಿಗಿದ. ಮುನಿಸಿಕೊಂಡು ಕೂತಿದ್ದ ಇಂಜಿನ್ನು ಒಂದೇ ಒದೆತಕ್ಕೆ ಎದ್ದು ಕೂರುವ ಹಾಗೆ ಮಾಡಿದ.

ಹೀಗಿರುವಾಗ ಒಂದು ದಿನ ದೂರ ನಿಂತು ನೋಡಿದರೆ ಗಾಡಿ ಸೊಟ್ಟಗಿದೆ. ಸೈಡ್‌ಕಾರ್ ಎಡಗಡೆ ಇದ್ದರೆ ಮೋಟಾರ್ ಸೈಕಲ್ಲು ಬಲಕ್ಕೆ ಕೊಂಚ ವಾಲಿ ನಿಂತಿದೆ. ಪಕ್ಕದವರ ಸಹವಾಸವೇ ಬೇಡ ಅನ್ನುವವರ ಹಾಗೆ.

ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಅಂದುಕೊಂಡು ಶಂಭುಲಿಂಗ ಗಾರೆ ಕೆಲಸದವರಿಂದ ತೂಗುಗುಂಡು ಇಸಿದುಕೊಂಡು ಬಂದ. ಎರಡನ್ನೂ ಹಿಡಿದ ಸರಳುಗಳ ಬೋಲ್ಟು ಸಡಿಲಿಸಿ, ದಾರ ಇಳಿಬಿಟ್ಟು, ಒಂದು ಕೂದಲೆಳೆಯೂ ಆಚೀಚೆ ಇಲ್ಲದಂತೆ ಗಾಡಿಯನ್ನು ನೆಟ್ಟಗೆ ನಿಲ್ಲಿಸಿದ. ನಿಲ್ಲಿಸಿ, ತಾನೇ ಬೆನ್ನು ತಟ್ಟಿಕೊಂಡ.

ಬುದ್ಧಿಯವರು ಗಾಡಿ ತೆಗೆದುಕೊಂಡು ಹೋದರು. ವಾಪಸ್ಸು ಬಂದಾಗ ಮುಖವೆಲ್ಲ ಬೆವರು, ತೋಳು ನಡುಗುತ್ತಿತ್ತು. ದಾರಿಯುದ್ದಕ್ಕೂ ಅದು ಎಡಗಡೆಯ ಚರಂಡಿಗೇ ಎಳೆದಿತ್ತಂತೆ. ಎಳೆದೂ ಎಳೆದೂ ಹ್ಯಾಂಡಲ್ ಹಿಡಿದ ರಟ್ಟೆ ಬಿದ್ದುಹೋಯಿತಂತೆ.

"ಸೊಟ್ಟಗಿತ್ತು ಬುದ್ಧಿ, ಸರಿಮಾಡಿದೆ" ಅಂದ ಶಂಭುಲಿಂಗ.

"ನೆಟ್ಟಗೆ ನಿಂತ್ಕೊಳ್ಳೋ ಹಾಗೆ ಮಾಡಿದೀಯ ಮಗ" ಅಂದರು ಬುದ್ಧಿ. "ನೆಟ್ಟಗೆ ಹೋಗೋ ಹಾಗೆ ಮಾಡೋರು ಯಾರು?"

ಅಷ್ಟು ಹೇಳಿ ಸ್ನಾನಕ್ಕೆ ಹೊಳೆಗೆ ಇಳಿದರು.

ಶಂಭುಲಿಂಗ ಕಣ್ಣುಕಣ್ಣು ಬಿಟ್ಟ. ನೆಟ್ಟಗೆ ನಿಂತದ್ದು ನೆಟ್ಟಗೆ ಹೋಗುವುದಿಲ್ಲ, ಸೊಟ್ಟಗೆ ನಿಂತದ್ದು ನೆಟ್ಟಗೆ ಹೋಗುತ್ತದೆ. ಇದು ಯಾವ ಊರಿನ ನ್ಯಾಯವಪ್ಪಾ. ಆದರೂ ಸಂಜೆಯವರೆಗೆ ಕೂತು ಬೋಲ್ಟು ಸಡಿಲಿಸಿ, ಮೊದಲಿನ ಹಾಗೆಯೇ ಬಲಕ್ಕೆ ಕೊಂಚ ವಾಲಿಸಿ ಬಿಗಿದ. ಕೈ ಕೆಲಸ ಮಾಡಿತು, ತಲೆ ಮಾಡಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಬುದ್ಧಿಯವರ ಕಣ್ಣು ಮಂಜಾಗತೊಡಗಿತು. ಇನ್ನು ನೀನೇ ಓಡಿಸಬೇಕು, ಓಡಿಸಿ ಅಭ್ಯಾಸ ಮಾಡಿಕೋ ಅಂದರು. ಓಡಿಸುತ್ತೇನೆ, ಆದರೆ ಪಕ್ಕದಲ್ಲಿ ಯಾರನ್ನೂ ಕೂರಿಸುವುದಿಲ್ಲ ಅಂತ ಶಂಭುಲಿಂಗ ಕೈ ಮುಗಿದ. ಸರಿ, ಖಾಲಿ ಗಾಡಿಯನ್ನೇ ಓಡಿಸು ಅಂದರು ಬುದ್ಧಿ. ಅದನ್ನು ಕೇಳಿ ಅವನಿಗೆ ಸಮಾಧಾನವಾಯಿತು.

ಹೊರಡುವ ಮುಂಚೆ ಸೈಡ್‌ಕಾರ್ ಗುಡಿಸಲು ಹೋದರೆ ಸೀಟಿನ ಕೆಳಗೆ ಒಂದು ಗೋಣಿಚೀಲ. ತುಂಬ ಹೊಳೆಮರಳು. ಯಾರು ಇಟ್ಟರೋ, ಯಾವ ಕಾಲದ್ದೋ. ಸುಮ್ಮನೆ ದಂಡದ ಭಾರ ಅಂತ ಎಳೆದು ಗೋಡೆಯ ಬುಡಕ್ಕೆ ಎಸೆದ.

ಹೊರಟ. ಗಾಡಿಯ ಬುದ್ಧಿಯೇ ಬೇರೆ ಅಂತ ಮಠದ ಗೇಟು ದಾಟುವಷ್ಟರಲ್ಲೇ ಗೊತ್ತಾಯಿತು. ಆಕ್ಸಿಲರೇಟರ್ ಕೊಟ್ಟರೆ ಎಡಕ್ಕೆ ಸರಿಯುತ್ತದೆ. ಬ್ರೇಕ್ ಒತ್ತಿದರೆ ಬಲಕ್ಕೆ ಮೂತಿ ತಿರುಗಿಸುತ್ತದೆ. ಮೈ ವಾಲಿಸಿದರೆ ಕೇಳುವುದೇ ಇಲ್ಲ. ಹುಟ್ಟಿದಾಗಿನಿಂದ ಬೈಕ್ ಓಡಿಸಿದವನಿಗೆ ಎಲ್ಲ ತಿರುಗುಮುರುಗು.

ಹುಣಸೆಮರದ ಹತ್ತಿರ ಎಡ ತಿರುವು. ಅಲ್ಲಿ ಹ್ಯಾಂಡಲ್ ತಿರುಗಿಸಿದ್ದೇ ತಡ, ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಖಾಲಿ ಸೀಟು ಇವನ ಭುಜದ ಎತ್ತರಕ್ಕೆ ಬಂದು ನಿಂತಿತು. ಆಮೇಲೆ ಆಕಾಶ ಯಾವುದು, ರಾಗಿ ಹೊಲ ಯಾವುದು ಅಂತ ಅವನಿಗೆ ಗೊತ್ತಾಗಲಿಲ್ಲ.

ಹೊಲದವರು ಗಾಡಿ ಎತ್ತಿ ಕೊಟ್ಟರು. ಮೈಯೆಲ್ಲ ಕೆಸರು ಮಾಡಿಕೊಂಡು, ಗಾಡಿ ತಳ್ಳಿಕೊಂಡು ಮಠಕ್ಕೆ ಬಂದ. ಬುದ್ಧಿಯವರು ಜಗುಲಿಯ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದರು.

"ಯಾರಿಗಾದರೂ ಪೆಟ್ಟಾಯ್ತಾ?"

"ಪಕ್ಕದಲ್ಲಿ ಯಾರೂ ಇರಲಿಲ್ಲವಲ್ಲ ಬುದ್ಧಿ, ಪುಣ್ಯ."

"ಅದಕ್ಕೇ ಬಿತ್ತು."

ಶಂಭುಲಿಂಗನಿಗೆ ಅಳು ಬರುವ ಹಾಗಾಯಿತು. ನೀವು ಹೇಳುವುದು ಒಂದೂ ಅರ್ಥವಾಗುವುದಿಲ್ಲ, ಭಾರ ಇದ್ದರೆ ಬೀಳಬೇಕು, ಹಗುರವಾದದ್ದು ಯಾಕೆ ಬೀಳಬೇಕು ಅಂತ ಬಾಯಿಬಿಟ್ಟು ಕೇಳಿದ. ಬುದ್ಧಿಯವರು ಗೋಡೆಯ ಬುಡದಲ್ಲಿ ಬಿದ್ದಿದ್ದ ಗೋಣಿಚೀಲದ ಕಡೆ ಗದ್ದದಿಂದ ಸನ್ನೆ ಮಾಡಿದರು.

"ಅದು ಯಾರೂ ಸಿಗದ ದಿನಕ್ಕೆ" ಅಂದರು. "ಜೊತೆಯಲ್ಲಿ ಯಾರೋ ಇದಾರೆ ಅಂತ ಗಾಡಿಗೆ ಸುಳ್ಳು ಹೇಳೋದಕ್ಕೆ."

ಅಂದಿನಿಂದ ಶಂಭುಲಿಂಗ ಮರಳು ಹೇರಿಕೊಂಡೇ ಓಡಿಸಿದ. ಗಾಡಿ ತೆಪ್ಪಗೆ ಹೋಯಿತು. ಅವನೂ ತೆಪ್ಪಗಾದ. ಇಷ್ಟಾದರೆ ಸಾಕು, ಇನ್ನೇನು ಕಾವಿ ಸಿಕ್ಕಿದ ಹಾಗೆಯೇ ಅಂದುಕೊಂಡು ಒಂದು ಬೆಳಗ್ಗೆ ಮತ್ತೆ ಪಾದ ಹಿಡಿದ.

ಆಗಲಿ ಅಂದರು ಬುದ್ಧಿ. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ಅವನಿಗೇ ಗಾಬರಿಯಾಯಿತು.

"ಮಠದ ಕಟ್ಟಳೆ ಗೊತ್ತಲ್ಲ? ಮದುವೆಯಾದವನಿಗೆ ಕಾವಿ ಕೊಡಬೇಕಾದರೆ ಹೆಂಡತಿ ಗದ್ದುಗೆ ಮುಂದೆ ನಿಂತು ತನ್ನ ಬಾಯಲ್ಲೇ ಒಪ್ಪಿಗೆ ಹೇಳಬೇಕು."

ಅವಳಿಗೆ ಹೇಳಿ ಕಳಿಸುತ್ತೇನೆ, ಬಸ್ಸಿನಲ್ಲಿ ಬರಲಿ ಅಂದ ಶಂಭುಲಿಂಗ.

"ಬಸ್ಸಿನ ಮೆಟ್ಟಿಲು ಹತ್ತುತ್ತಾಳಾ?"

ಹತ್ತಲಾರಳು. ಯಾಕೆ ಹತ್ತಲಾರಳು ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಬುದ್ಧಿಯವರು ಗಾಡಿಯ ಕಡೆ ನೋಡಿದರು. ಅವನೂ ನೋಡಿದ. ನನ್ನ ಕೈಲಾಗುವುದಿಲ್ಲ, ಅವಳನ್ನು ಇನ್ನೊಂದು ಸಲ ನನ್ನ ಗಾಡಿಗೆ ಹತ್ತಿಸಲಾರೆ, ಬೇರೆ ಯಾರನ್ನಾದರೂ ಕಳಿಸಿ ಅಂತ ಬೇಡಿಕೊಂಡ. ಬುದ್ಧಿಯವರು ಬೆಲ್ಲ ಒಡೆಯುತ್ತ ಕೂತರು.

ಮಧ್ಯಾಹ್ನ ಶಂಭುಲಿಂಗನೇ ಎದ್ದ. ಅವಳನ್ನು ಬಿಟ್ಟು ಇರಬೇಕಾದರೆ ಅವಳನ್ನು ಕರೆತರಬೇಕು. ಈ ಲೆಕ್ಕ ಅವನಿಗೆ ಹಿಡಿಸಲಿಲ್ಲ. ಮರಳು ಚೀಲ ಇಳಿಸಬೇಕೋ ಬೇಡವೋ ಅಂತ ಗೊಂದಲದಲ್ಲಿ ಎರಡು ಸಲ ಇಳಿಸಿ ಹತ್ತಿಸಿದ. ಕೊನೆಗೆ, ಬರುವಾಗ ಅವಳು ಕಾಲು ಚಾಚಲು ಜಾಗ ಬೇಕಲ್ಲ, ಪೇಟೆಯಲ್ಲಿ ಎಲ್ಲಾದರೂ ಸುರಿದರಾಯಿತು ಅಂತ ಹೇರಿಕೊಂಡೇ ಹೊರಟ.

ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ಅವನನ್ನೂ ಗಾಡಿಯನ್ನೂ ನೋಡಿದಳು. ಅವನು ಬಂದ ಕಾರಣ ತಡವರಿಸುತ್ತ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಅವನು ಮರಳನ್ನು ರಸ್ತೆ ಬದಿಗೆ ಸುರಿದ. ಅವಳು ಮನೆಗೆ ಬೀಗ ಹಾಕಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಕೋಲನ್ನು ಮೊದಲು ಒಳಗಿಟ್ಟು, ಆಮೇಲೆ ತಾನು ಕೂತಳು.

ಅವನು ಕಿಕ್ ಹೊಡೆಯಲು ಕಾಲೆತ್ತಿದ.

"ನಿಧಾನಕ್ಕೆ ಓಡಿಸಿ ಅಂತ ನಾನು ಹೇಳಲ್ಲ" ಅಂದಳು ಅವಳು. "ಅವತ್ತೂ ಹೇಳಿದ್ದೆ."

ಹೊರಟರು. ಬೈಕಿನಲ್ಲಿ ಅವಳು ಹಿಂದೆ ಕೂರುತ್ತಿದ್ದಳು, ಮುಖ ಕಾಣುತ್ತಿರಲಿಲ್ಲ. ಈಗ ಕೊಂಚ ಕಣ್ಣು ಹೊರಳಿಸಿದರೆ ಸಾಕು, ಅವಳ ತಲೆ, ಹಾರುವ ಮುಂಗೂದಲು, ಸೀಟಿನ ಅಂಚು ಹಿಡಿದ ಕೈ. ಗುಂಡಿ ಬಂದಾಗ ಆ ಕೈ ಬಿಗಿಯುತ್ತಿತ್ತು. ಬಿಗಿದದ್ದನ್ನು ನೋಡಿ ಅವನು ವೇಗ ತಗ್ಗಿಸುತ್ತಿದ್ದ. ಹೀಗೆ ಒಂದಷ್ಟು ದೂರ ಹೋದ ಮೇಲೆ ಗುಂಡಿ ಬಂದರೂ ಕೈ ಬಿಗಿಯಲಿಲ್ಲ.

ಹೊಳೆ ಕಾಣುವ ಕಡೆ ಅವಳೇ ಮಾತು ತೆಗೆದಳು.

"ಒಂದು ಕೇಳ್ತೀನಿ. ಕಾಲು ಮುರಿದಿದ್ದು ನನಗೆ. ಓಡಿಬಂದಿದ್ದು ನೀವು. ಯಾಕೆ?"

ಅವನಿಗೆ ಉತ್ತರ ಗೊತ್ತಿತ್ತು. ಬಾಯಿಪಾಠ ಮಾಡಿಟ್ಟುಕೊಂಡಿದ್ದ. ನನ್ನಿಂದ ಯಾರಿಗೂ ನೋವಾಗಬಾರದು ಅಂತ. ಅವಳ ಮುಖ ನೋಡಿಕೊಂಡು ಹೇಳಲು ಹೋದರೆ ಅದು ಬಾಯಿಂದ ಬರಲೇ ಇಲ್ಲ.

ಮಠದಲ್ಲಿ ಗದ್ದುಗೆಯ ಮುಂದೆ ದೀಪ ಹಚ್ಚಿತ್ತು. ತಟ್ಟೆಯಲ್ಲಿ ಮಡಿಸಿಟ್ಟ ಹೊಸ ಕಾವಿ. ದಾಕ್ಷಾಯಿಣಿ ಕೋಲೂರಿಕೊಂಡು ಒಳಗೆ ಬಂದಳು. ಟಕ್, ಟಕ್. ಶಂಭುಲಿಂಗ ಕಿವಿ ಮುಚ್ಚಿಕೊಳ್ಳಲಿಲ್ಲ. ಹೊಸಲಿನ ಹತ್ತಿರ ಸದ್ದು ನಿಂತಾಗ, ಎಡವಿದಳೇನೋ ಅಂತ ತಿರುಗಿ ನೋಡಿದ.

"ಇವನಿಗೆ ಕಾವಿ ಕೊಡಲಾ ತಾಯಿ?" ಅಂದರು ಬುದ್ಧಿ.

"ಅವರಿಗೆ ನೆಮ್ಮದಿ ಸಿಗೋದಾದರೆ ಕೊಡಿ ಬುದ್ಧಿ. ನನ್ನ ಒಪ್ಪಿಗೆ ಇದೆ."

ಅಷ್ಟೇ. ಇದೇ ಮಾತಿಗಾಗಿ ಅವನು ಒಂದು ವರ್ಷ ಮಸಿ ಉಜ್ಜಿದ್ದು. ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ಎಡ ತಿರುವಿನಲ್ಲಿ ಖಾಲಿ ಸೀಟು ಭುಜದೆತ್ತರಕ್ಕೆ ಎದ್ದಾಗ ಹೇಗಾಗಿತ್ತೋ ಹಾಗೆ ಕಾಲ ಕೆಳಗಿನ ನೆಲ ಜಾರಿತು. ಯಾಕೆ ಅಂತ ಅವನಿಗೆ ತಿಳಿಯಲಿಲ್ಲ. ಬೇಡಿದ್ದು ಸಿಕ್ಕಿದವನು ಖುಷಿಪಡುವುದು ಬಿಟ್ಟು ಬೆಪ್ಪನ ಹಾಗೆ ನಿಂತಿದ್ದ.

"ತಗೋ" ಅಂದರು ಬುದ್ಧಿ, ತಟ್ಟೆ ಚಾಚಿ.

ಅವನ ಕೈ ಮುಂದೆ ಬಂತು, ಅರ್ಧದಲ್ಲೇ ನಿಂತಿತು.

"ಇವಳನ್ನ ಮನೆಗೆ ಬಿಡೋರು ಯಾರು ಬುದ್ಧಿ?"

"ಅದು ನಿನಗೆ ಯಾಕೆ ಇನ್ನು?"

"ಸಂಜೆಯಾಯ್ತು. ದಾರಿ ಹಾಳಾಗಿದೆ. ಎಲ್ಲೆಲ್ಲಿ ಗುಂಡಿ ಇದೆ ಅಂತ ನನಗೆ ಗೊತ್ತು. ಬೇರೆಯವರಾದರೆ..." ಅವನು ಅಲ್ಲಿಗೆ ನಿಲ್ಲಿಸಿದ. ಏನು ಹೇಳುತ್ತಿದ್ದೇನೆ ಅಂತ ಅವನಿಗೇ ಆಶ್ಚರ್ಯವಾಗಿತ್ತು. "ನನಗೆ ಒಂದೂ ಅರ್ಥ ಆಗ್ತಿಲ್ಲ ಬುದ್ಧಿ. ಇವಳನ್ನ ಬಿಟ್ಟುಬರ್ತೀನಿ, ಆಮೇಲೆ ಕಾವಿ ತಗೋತೀನಿ. ತಗೋಬೇಕೋ ಬೇಡವೋ, ನೀವೇ ಹೇಳಿಬಿಡಿ."

ದಾಕ್ಷಾಯಿಣಿ ತಲೆ ತಗ್ಗಿಸಿದಳು. ಅವಳ ಕಣ್ಣಲ್ಲಿ ಆಗ ನೀರು ಬಂತು.

ಬುದ್ಧಿಯವರು ತಟ್ಟೆ ಹಿಡಿದುಕೊಂಡೇ ಅಂಗಳಕ್ಕೆ ಇಳಿದರು. ಇಬ್ಬರೂ ಹಿಂದೆ ಹೋದರು. ಅವಳು ಸೀಟಿನಲ್ಲಿ ಕೂರುವವರೆಗೆ ಶಂಭುಲಿಂಗ ತೋಳು ಹಿಡಿದಿದ್ದ, ಕೂತ ಮೇಲೆ ಅವಳ ಕೋಲನ್ನು ಒಳಗಿಟ್ಟ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು.

ಬುದ್ಧಿಯವರು ತಟ್ಟೆಯಿಂದ ಕಾವಿ ತೆಗೆದು ಮಡಿಕೆ ಬಿಡಿಸಿದರು. ಒದರಿ, ದಾಕ್ಷಾಯಿಣಿಯ ಹೆಗಲಿಂದ ಸೊಟ್ಟ ಕಾಲಿನವರೆಗೆ ಹೊದಿಸಿದರು.

"ಚಳಿಗಾಳಿ ಇದೆ, ಗಟ್ಟಿಯಾಗಿ ಹೊದ್ಕೊ ತಾಯಿ. ಮನೆ ಮುಟ್ಟಿದ ಮೇಲೆ ಇವನು ಕೇಳಿದರೆ ಕೊಡು."