ಹಿಂದಕ್ಕೆ ಹರಿಯುವ ಪೆಟ್ರೋಲು

ನಾನು ಮೊದಲ ಸಲ ಹೊರಟುಹೋದದ್ದು ನಾಗರಪಂಚಮಿಯ ಮರುದಿನ, ಒಂದು ಬುಧವಾರ. ಆಗ ಏಳನೆಯ ಇಯತ್ತೆ. ಶಾಲೆಯ ಗೇಟಿನ ತನಕ ಹೋದವನು ಒಳಗೆ ಕಾಲಿಡದೆ ಹಾಗೇ ಮುಂದೆ ನಡೆದುಬಿಟ್ಟೆ.

ಆಮೇಲೆ ಹೋಗುವುದೇ ರೂಢಿಯಾಯಿತು. ಲಾರಿ ಕ್ಲೀನರ್ ಆದೆ, ಇಟ್ಟಿಗೆ ಭಟ್ಟಿಯಲ್ಲಿ ದುಡಿದೆ, ಆರು ಊರಿನ ಗ್ಯಾರೇಜುಗಳಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದೆ. ಎಲ್ಲಿಯೂ ಎರಡನೆಯ ಮಳೆಗಾಲ ನೋಡಲಿಲ್ಲ.

ಇಪ್ಪತ್ತೆಂಟು ವರ್ಷಗಳ ಮೇಲೆ ಹೊಳೆದಂಡೆಯ ಒಂದು ಆಶ್ರಮಕ್ಕೆ ಬಂದೆ. ಅಲ್ಲಿ ತೋಟಯ್ಯಜ್ಜಾರು ಇದ್ದರು. ಹಿಂದೆ ಬಸ್ ಡಿಪೋದಲ್ಲಿ ಎಂಜಿನ್ ರಿಪೇರಿಯ ಮೇಸ್ತ್ರಿಯಾಗಿದ್ದವರು. ಈಗ ಜನ ದೂರದಿಂದ ಬಂದು ಅವರ ಮುಂದೆ ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು.

ಕಾಲಿಗೆ ಬಿದ್ದು ಹೇಳಿದೆ: "ಅಜ್ಜಾರ, ನನ್ನೊಳಗ ಶಕ್ತಿ ಇಲ್ರಿ. ಹಿಡಿದದ್ದು ಒಂದೂ ತುದಿ ಮುಟ್ಟೂದಿಲ್ಲ. ಒಂದು ಮಂತ್ರ ಕೊಡ್ರಿ."

ಅವರು ನನ್ನ ಉಗುರು ನೋಡಿದರು. ಸಂದಿಯಲ್ಲಿ ಗ್ರೀಸಿನ ಕಪ್ಪು.

"ಕಾರು ಓಡಸಾಕ ಬರತೈತಿ?"

"ಬರತೈತ್ರಿ."

"ಹಂಗಾರ ಇರು."

ಮಂತ್ರದ ಮಾತು ಅಲ್ಲಿಗೇ ನಿಂತಿತು.

ಅಜ್ಜಾರ ಮೂತ್ರಪಿಂಡಗಳು ಕೆಲಸ ಬಿಟ್ಟಿದ್ದವು. ಸೋಮವಾರ ಮತ್ತು ಗುರುವಾರ ಪಟ್ಟಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹತ್ತು ಗಂಟೆಗೆ ಯಂತ್ರದ ಹತ್ತಿರ ಇರದಿದ್ದರೆ ಸರದಿ ಮತ್ತೊಬ್ಬರದು. ಸೂಜಿ ಚುಚ್ಚಿ ಚುಚ್ಚಿ ಎಡಗೈಯ ನರ ಹಗ್ಗದಂತೆ ಉಬ್ಬಿತ್ತು. ಆ ಕೈಯಿಂದ ಅವರು ಭಾರ ಎತ್ತುವಂತಿರಲಿಲ್ಲ. ಹಾಗಾಗಿ ಆಶ್ರಮದ ಹಳೆಯ ಬಿಳಿ ಕಾರು ನನ್ನ ಪಾಲಿಗೆ ಬಂತು.

ದಾರಿಯಲ್ಲಿ ಒಮ್ಮೆ ಕೇಳಿದೆ: "ಅಜ್ಜಾರ, ಮಂತ್ರ ಯಾವಾಗ ಕೊಡತೀರಿ?"

"ಮುಂದ ಎಮ್ಮಿ ಬಂದೈತಿ. ನೋಡಿ ಓಡಸು."

ನಾಲ್ಕು ತಿಂಗಳು ಹೀಗೆ ಹೋಯಿತು. ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಕಾರು ಚಾಲೂ ಆಗಲಿಲ್ಲ. ಎಂಜಿನ್ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ.

"ಪೆಟ್ರೋಲ್ ಪಂಪು ಹೋಗೈತ್ರಿ," ಎಂದೆ.

"ಅಳದು ನೋಡಿದೇನು?"

"ಇಂಥಾವು ನೂರು ನೋಡೀನ್ರಿ."

ಗೋಡೆಯ ಮೊಳೆಗೆ ಪ್ರೆಶರ್ ಗೇಜು ತೂಗುತ್ತಿತ್ತು. ಅಜ್ಜಾರು ಅದರ ಕಡೆ ಒಮ್ಮೆ ನೋಡಿದರು.

ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬೇರೆ ಪಂಪು ತರಿಸಿದೆ. ಸಂಜೆಗೆ ಕೂಡಿಸಿದೆ. ಕಾರು ಹೇಗೋ ಹತ್ತಿಕೊಂಡಿತು. ಹಳೆಯ ಪಂಪನ್ನು ಗುಜರಿಯವನಿಗೆ ಎಸೆದು, ಎದೆ ಉಬ್ಬಿಸಿ ತಿರುಗಾಡಿದೆ.

ಬೇರೆ ಗಾಡಿ ನೋಡುವುದು ಬಿಟ್ಟು ಪಂಪಿನ ಹಿಂದೆ ಬಿದ್ದಿದ್ದೆ. ಆ ದಿನದ ಸರದಿ ತಪ್ಪಿತ್ತು.

ಗುರುವಾರದ ಹೊತ್ತಿಗೆ ಅಜ್ಜಾರ ಪಾದ ಬಾತಿದ್ದವು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಏಳೂವರೆಗೆ ಅವರನ್ನು ಕಾರಿನಲ್ಲಿ ಕೂಡಿಸಿ ಕೀಲಿ ತಿರುಗಿಸಿದೆ.

ಎಂಜಿನ್ ತಿರುಗಿತು. ಹತ್ತಿಕೊಳ್ಳಲಿಲ್ಲ.

ಮತ್ತೆ ತಿರುಗಿಸಿದೆ. ಮತ್ತೆ.

ಅಡುಗೆಯ ನೀಲವ್ವ ಊರೊಳಗೆ ಓಡಿಹೋಗಿ ಬಂದಳು. "ಎರಡೂ ಟಂಟಂ ಆಟೋ ಸಂತಿಗೆ ಹೋಗ್ಯಾವು. ಆಂಬುಲೆನ್ಸಿಗೆ ಫೋನ್ ಹಚ್ಚಿದ್ರ ಎರಡು ತಾಸು ಅಂತಾರ."

ಆಮೇಲೆ ನನ್ನ ಕಡೆ ತಿರುಗಿದಳು. "ನೂರು ನೋಡೀನಿ ಅಂದಿದ್ದೆಲ್ಲೋ ಯಣ್ಣಾ. ಇದು ನೂರಾ ಒಂದನೇದೇನು?"

ನಾನು ಕೀಲಿಯಿಂದ ಕೈ ತೆಗೆದೆ. "ಈ ಪಂಪೂ ಹೋಗೈತ್ರಿ ಅಜ್ಜಾರ."

ಅವರು ಕಾರಿನಿಂದ ಇಳಿದು ಕಟ್ಟೆಯ ಮೇಲೆ ಕೂತರು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು.

"ಗೇಜು ಹಚ್ಚು."

ಎಂಜಿನ್ನಿಗೆ ಪೆಟ್ರೋಲ್ ಹೋಗುವ ಕೊಳವೆಗೆ ಹಚ್ಚಿದೆ. ಎರಡೂವರೆ ಬಾರ್ ಒತ್ತಡಕ್ಕೆ ನಿಲ್ಲಬೇಕಾದ ಮುಳ್ಳು ಒಂದನ್ನೂ ಮುಟ್ಟಲಿಲ್ಲ.

"ಫಿಲ್ಟರ್?"

"ಸೋಮವಾರನ ಹೊಸಾದು ಹಾಕೀನ್ರಿ."

"ಪಂಪಿನ ಸಪ್ಪಳ?"

ನೀಲವ್ವ ಕೀಲಿ ತಿರುಗಿಸಿದಳು. ನಾನು ಅಡಿಯಲ್ಲಿ ಪಂಪಿರುವ ಹಿಂದಿನ ಸೀಟಿಗೆ ಕಿವಿಯಿಟ್ಟೆ. "ಬರತೈತ್ರಿ. ಛಲೋ ಬರತೈತಿ."

"ಹಂಗಾರ ಅದನ್ಯಾಕ ಬೈತಿ?"

"ಒತ್ತಡ ಇಲ್ಲಲ್ರಿ. ಶಕ್ತಿ ಇಲ್ಲ ಅದಕ್ಕ."

ಅಜ್ಜಾರು ಹೂದೋಟದ ಕಡೆ ಬೆರಳು ಮಾಡಿದರು. ಹೊಳೆಯಿಂದ ನೀರೆತ್ತುವ ಮೋಟಾರಿನ ಪೈಪು ಅಲ್ಲಿ ಬಿದ್ದಿತ್ತು. ಮಣ್ಣಿಗೆ ಸುಮ್ಮನೆ ನೀರು ಹರಿಯುತ್ತಿತ್ತು.

"ಆ ಪೇರಲ ಗಿಡದ ತುದಿಗೆ ನೀರು ಮುಟ್ಟಸು."

"ಎಂಟು ಆಗಾಕ ಬಂತ್ರಿ ಅಜ್ಜಾರ. ಈಗ ಗಿಡಕ್ಕ ನೀರು..."

"ಮುಟ್ಟಸು."

ಪೈಪು ಎತ್ತಿದೆ. ನೀರು ನನ್ನ ಕಾಲ ಮೇಲೆಯೇ ಸುರಿಯಿತು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದೆ. ನೀರು ಚಿಮ್ಮಿ ಗಿಡದ ತುದಿ ದಾಟಿ ಆಚೆ ಬಿತ್ತು.

"ಮೋಟಾರು ಬದಲಿ ಮಾಡಿದೇನು?" ಅಜ್ಜಾರು ಕೇಳಿದರು.

ನಾನು ಹೆಬ್ಬೆರಳು ತೆಗೆದೆ; ನೀರು ಮತ್ತೆ ಕಾಲ ಮೇಲೆ ಸುರಿಯಿತು.

"ಇಲ್ರಿ."

"ನೂಕೂದು ಪಂಪಿನ ಕೆಲಸ. ಅದು ನೂಕಾಕ ಹತ್ತೈತಿ."

ಪೈಪು ಬಿಸಾಡಿ ಕಾರಿನ ಹತ್ತಿರ ಓಡಿದೆ.

ಎಂಜಿನ್ನಿಗೆ ಎರಡು ಕೊಳವೆ. ಒಂದು ಟ್ಯಾಂಕಿನಿಂದ ಪೆಟ್ರೋಲ್ ತರುತ್ತದೆ. ಇನ್ನೊಂದು ಹೆಚ್ಚಾದದ್ದನ್ನು ಟ್ಯಾಂಕಿಗೆ ಮರಳಿ ಒಯ್ಯುತ್ತದೆ. ಎಷ್ಟು ತಡೆಯಬೇಕು, ಎಷ್ಟು ಬಿಡಬೇಕು ಎಂದು ನೋಡಿಕೊಳ್ಳಲು ನಡುವೆ ಒಂದು ಸಣ್ಣ ರೆಗ್ಯುಲೇಟರ್. ಮರಳುವ ರಬ್ಬರ್ ಕೊಳವೆಗೆ ಬಟ್ಟೆ ಸುತ್ತಿ, ಇಕ್ಕಳದಿಂದ ಮೆಲ್ಲಗೆ ಅದುಮಿದೆ. ನೀಲವ್ವ ಕೀಲಿ ತಿರುಗಿಸಿದಳು.

ಮುಳ್ಳು ಎದ್ದಿತು. ಒಂದು. ಒಂದೂವರೆ. ಎರಡು.

"ರೆಗ್ಯುಲೇಟರ್ ತಡಿಯಾಕ ಹತ್ತಿಲ್ರಿ ಅಜ್ಜಾರ. ಬಂದದ್ದೆಲ್ಲ ತಿರುಗಿ ಹೋಗಾಕ ಹತ್ತೈತಿ."

"ಎಷ್ಟು ದಿನದಿಂದ?"

ನಾನು ಪಾನಾದ ಚೀಲದಲ್ಲಿ ಕ್ಲಾಂಪು ಹುಡುಕಿದೆ.

ಮುಳ್ಳು ಎರಡೂವರೆಗೆ ನಿಲ್ಲುವಷ್ಟು ಮಾತ್ರ ಕೊಳವೆಗೆ ಕ್ಲಾಂಪು ಬಿಗಿದೆ. ಈ ಸಲ ಎಂಜಿನ್ ಹತ್ತಿಕೊಂಡಿತು.

ಹೊಳೆಯ ಏರಿ ದಾಟಿದ ಮೇಲೆ ಕೇಳಿದೆ:

"ನಿಮಗ ಸೋಮವಾರನ ಗೊತ್ತಿತ್ತೇನ್ರಿ?"

"ಅನುಮಾನ ಇತ್ತು."

"ಮತ್ತ ಯಾಕ ಹೇಳಲಿಲ್ರಿ?"

"ಅಳದೇನು ಅಂತ ಕೇಳಿದೆ. ನೀ ನೂರು ನೋಡಿದವ. ನಾ ಎದುರಿಗಿದ್ದದ್ದು ಒಂದ ನೋಡಿದ್ದೆ."

ಹತ್ತಕ್ಕೆ ಎಂಟು ನಿಮಿಷ ಇರುವಾಗ ಅವರನ್ನು ಯಂತ್ರದ ಪಕ್ಕದ ಮಂಚಕ್ಕೆ ಒಯ್ದರು. ನರ್ಸಮ್ಮ ಅವರ ಪಾದ ಒತ್ತಿ ನೋಡಿ, ನನ್ನನ್ನು ಬಾಗಿಲಿನ ಹೊರಗೆ ಕರೆದಳು.

"ಇವತ್ತೂ ತಪ್ಪಿಸಿದ್ರ ಇವರು ಉಳೀತಿರಲಿಲ್ಲ. ತಿಳೀತಿಲ್ಲೋ?"

ನಾಲ್ಕು ತಾಸು ಯಂತ್ರ ಓಡಿತು. ಅಷ್ಟರೊಳಗೆ ಹೊಸ ರೆಗ್ಯುಲೇಟರ್ ಹುಡುಕಿ ತಂದು ಆಸ್ಪತ್ರೆಯ ಹಿಂದಿನ ನೆರಳಿನಲ್ಲಿ ಕೂಡಿಸಿದೆ. ಕ್ಲಾಂಪು ಬಿಚ್ಚಿ ಗೇಜು ನೋಡಿದೆ. ಎರಡೂವರೆ. ಎಂಜಿನ್ ಬಂದ್ ಮಾಡಿ, ಚಾಲೂ ಮಾಡಿ, ಮತ್ತೆ ನೋಡಿದೆ. ಎರಡೂವರೆ.

ಸಂಜೆ ಆಶ್ರಮಕ್ಕೆ ಮರಳಿದ ಮೇಲೆ ಕೋಣೆಗೆ ಹೋಗಿ ಹಾಸಿಗೆ ಸುತ್ತಿದೆ. ಎರಡು ಅಂಗಿ, ಒಂದು ಲುಂಗಿ, ಪಾನಾದ ಚೀಲ. ಎಲ್ಲ ಒಂದೇ ಗಂಟಿನೊಳಗೆ ಹೋದವು.

ಅಜ್ಜಾರು ಬಾಗಿಲಿಗೆ ಬಂದು ನಿಂತರು.

"ಹೊಂಟೇನು?"

"ಹೌದ್ರಿ."

"ಯಾವ ಕಡೆ?"

"ಹೊಳಿ ದಾಟಿ ನೋಡತೀನ್ರಿ."

"ಯಾಕ?"

ಹಗ್ಗ ಬಿಗಿಯುತ್ತ ಹೇಳಿದೆ: "ನನ್ನ ಗಡಿಬಿಡಿಗೆ ನಿಮ್ಮ ಜೀವ ಹೋಗತಿತ್ರಿ. ಛಲೋ ಮೇಸ್ತ್ರಿ ಒಬ್ಬನ್ನ ನೋಡಿ ಇಟಗೋರಿ. ಇಂಥಾದ್ದು ನನ್ನ ಕೈಯಾಗ ಇರಬಾರದು."

"ಇದರ ಹಿಂದಿನ ಊರಾಗೂ ಹಿಂಗ ಹೇಳಿ ಬಂದೇನು?"

"ಅಲ್ಲಿ ಯಾಕ ಅಂತ ಯಾರೂ ಕೇಳಲಿಲ್ರಿ."

ಅಜ್ಜಾರು ಒಳಗೆ ಬಂದರು. ನಿಂತು ಕಾಲು ಸೋತಿದ್ದವು. ಕೂರಲು ಕೋಣೆಯಲ್ಲಿ ಬೇರೆ ಏನೂ ಉಳಿದಿರಲಿಲ್ಲ. ನಾನು ಕಟ್ಟಿಟ್ಟ ಗಂಟಿನ ಮೇಲೆ, ಗೋಡೆ ಹಿಡಿದುಕೊಂಡು, ಮೆಲ್ಲಗೆ ಕೂತರು.

"ಸೋಮವಾರ," ಎಂದರು, "ಏಳೂವರೆಗೆ ಹೊರಡೂಣು."