ಗೌಡರ ಕಾಲ ಹೆಬ್ಬೆರಳು

ಫೀಡಿನ ರೇಟು ಏರಿತ್ತು. "ಮರಿಗಳಿಗೆ ಅರ್ಧ ಹಾಕು. ಹಸಿವು ಅಭ್ಯಾಸವಾಗುತ್ತೆ," ಅಂದರು ಕೋಳಿ ಫಾರಂ ಯಜಮಾನ ನಂಜೇಗೌಡರು.

"ಬೆಳೆಯೋ ಮರಿಗಳು ಗೌಡ್ರೇ," ಅಂದಳು ಆಳು ದೇವೀರಮ್ಮ. ಗೌಡರು ಗದರಿದರು. ಅವಳು ಅರ್ಧವೇ ಹಾಕಿದಳು. ವಾರದಲ್ಲಿ ಹಸಿದ ಮರಿಗಳು ಕುಕ್ಕಿ ಕುಕ್ಕಿ ಅವಳ ಕಾಲಬೆರಳು ಹುಣ್ಣಾಯಿತು. ಯಾರೂ ಕೇಳಲಿಲ್ಲ.

ಒಂದು ದಿನ ಗೌಡರು ಮರಿ ನೋಡಲು ಬಂದರು. "ಚಪ್ಪಲಿ ಹೊರಗೇ ಬಿಡಿ. ಒಳಗೆ ರೋಗ ಬರುತ್ತೆ ಅಂತ ನೀವೇ ಮಾಡಿದ ರೂಲು," ಅಂದಳು ದೇವೀರಮ್ಮ.

ಗೌಡರು ಬರಿಗಾಲಲ್ಲಿ ಒಳಗೆ ಹೋದದ್ದೇ ತಡ, ಮರಿಗಳೆಲ್ಲ ಮುತ್ತಿಕೊಂಡು ಹೆಬ್ಬೆರಳು ಕುಕ್ಕಿದವು. ರಕ್ತ ಕಂಡ ಮೇಲೆ ಇನ್ನೂ ಜೋರಾಯಿತು.

"ಅಯ್ಯಯ್ಯೋ! ಫೀಡು ಹಾಕೇ!"

"ತಡ್ಕೊಳ್ಳಿ ಗೌಡ್ರೇ, ಅಭ್ಯಾಸವಾಗುತ್ತೆ."

ಅವತ್ತಿನಿಂದ ಮರಿಗಳಿಗೆ ಹೊಟ್ಟೆ ತುಂಬ ಫೀಡು. ಆ ಖರ್ಚು ಸರಿದೂಗಿಸಲು ಗೌಡರು ಆಳುಗಳ ಮಧ್ಯಾಹ್ನದ ಮುದ್ದೆಯನ್ನು ಅರ್ಧ ಮಾಡಿದರು.

ಆಳುಗಳು ಕುಕ್ಕುವುದಿಲ್ಲವಲ್ಲ.